ಮಗಳು ಆಟದ ಅಂಚಿನಲ್ಲೇ ನಿಲ್ಲುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ ಈಗ ಮೂರು ವರ್ಷ ಒಂಬತ್ತು ತಿಂಗಳು. ಎಂಟು ತಿಂಗಳ ಹಿಂದೆ ಹಾವೇರಿಯಿಂದ ಬೆಂಗಳೂರಿಗೆ ಬಂದೆವು. ನರ್ಸರಿಯ ಪ್ರೋಗ್ರೆಸ್ ಕಾರ್ಡಿನಲ್ಲಿ ‘ಒಬ್ಬಳೇ ಆಡುತ್ತಾಳೆ, ಗುಂಪಿನಲ್ಲಿ ಬೆರೆಯುವುದಿಲ್ಲ’ ಎಂದು ಬರೆದಿದ್ದಾರೆ. ಸಂಜೆ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ನಾಲ್ಕೈದು ಹುಡುಗಿಯರು ಅಡುಗೆ ಆಟ ಆಡುತ್ತಿರುತ್ತಾರೆ. ಇವಳು ಸ್ವಲ್ಪ ದೂರ ನಿಂತು ನೋಡುತ್ತಾಳೆ, ಇಲ್ಲವೇ ಎಲೆ ಹರಿದು ತೆಂಗಿನ ಚಿಪ್ಪಿಗೆ ತುಂಬಿಕೊಂಡು ಒಬ್ಬಳೇ ಕೂತಿರುತ್ತಾಳೆ. ‘ಹೋಗವ್ವಾ, ನನ್ನೂ ಆಟಕ್ಕ ಸೇರಿಸ್ಕೋರಿ ಅಂತ ಕೇಳು’ ಎಂದು ಕಳಿಸಿದರೆ ಎರಡೇ ನಿಮಿಷಕ್ಕೆ ಸಪ್ಪೆ ಮುಖ ಮಾಡಿಕೊಂಡು ವಾಪಸ್ ಬರುತ್ತಾಳೆ. ಹೋದ ವಾರ ಒಮ್ಮೆ ಸೇರಿಸಿಕೊಂಡರು, ಆದರೆ ಇವಳನ್ನು ನಾಯಿ ಮಾಡಿದರು. ಹತ್ತು ನಿಮಿಷ ಬೆಂಚಿನ ಕೆಳಗೆ ಬೊಗಳುತ್ತಾ ಕೂತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಮಾತಿನ ಮಲ್ಲಿ, ಗೊಂಬೆಗಳನ್ನೆಲ್ಲ ಸಾಲಾಗಿ ಕೂರಿಸಿ ಪಾಠ ಮಾಡುತ್ತಾಳೆ. ಅತ್ತೆಯವರು ‘ಹುಡುಗಿ ಮೂಗಿ ಆಗ್ಲಿಕ್ಕತ್ಯಾಳ, ಡಾಕ್ಟರಿಗೆ ತೋರ್ಸು’ ಎನ್ನುತ್ತಾರೆ. ನಾನು ಚಿಂತೆ ಮಾಡಬೇಕೆ? ಮಗುವಿನ ಆಟವನ್ನು ಗಮನಿಸುವುದು ಹೇಗೆ?

ಉತ್ತರ: ನೀವು ದೂರಿನಂತೆ ಬರೆದಿರುವ ಎರಡು ಸಂಗತಿಗಳೇ ನನಗೆ ಸಮಾಧಾನ ತಂದವು. ಒಂದು ತೆಂಗಿನ ಚಿಪ್ಪು, ಇನ್ನೊಂದು ನಾಯಿ. ನಾಯಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಚಿಪ್ಪು. ಅಲ್ಲಿ ಹುಡುಗಿಯರು ಅಡುಗೆ ಮಾಡುತ್ತಿದ್ದಾರೆ. ಇಲ್ಲಿ ನಿಮ್ಮ ಮಗಳು ಎಲೆ ಹೆಚ್ಚಿ ಪಾತ್ರೆಗೆ ಹಾಕುತ್ತಿದ್ದಾಳೆ. ಅದೂ ಅಡುಗೆಯೇ ತಾನೆ? ಒಲೆ ಬೇರೆ, ಅಷ್ಟೆ. ಒಬ್ಬಳೇ ಇರಬೇಕು ಅನ್ನಿಸಿದ ಮಗು ಜಾರುಬಂಡೆಯ ಹಿಂದೆ ಹೋಗಿ ಕೂರುತ್ತದೆ. ಇವಳು ಹಾಗೆ ಮಾಡಿಲ್ಲ. ಅವರ ಮಾತು ಕೇಳಿಸುವಷ್ಟು ಹತ್ತಿರದಲ್ಲಿ, ಅವರು ಮಾಡುತ್ತಿರುವುದನ್ನೇ ಮಾಡುತ್ತಾ ಕೂತಿದ್ದಾಳೆ. ಆ ಆಟದ ಅರ್ಧ ಬಾಗಿಲು ಆಗಲೇ ದಾಟಿದ್ದಾಳೆ ಎಂದೇ ನಾನು ಓದಿಕೊಂಡೆ.

ಇಂಥ ಆಟಕ್ಕೆ ನಮ್ಮ ಶಿಶುವಿಕಾಸ ಶಾಸ್ತ್ರದಲ್ಲಿ ಸಮಾನಾಂತರ ಆಟ ಎಂದು ಹೆಸರು. ಹೆಸರಿಟ್ಟವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ನರ್ಸರಿಯಲ್ಲಿ 42 ಮಕ್ಕಳನ್ನು ಗಮನಿಸಿದ ಮಿಲ್‌ಡ್ರೆಡ್ ಪಾರ್ಟನ್. ಬೆಳಗಿನ ಬಿಡುವಿನ ಆಟದ ಹೊತ್ತಿನಲ್ಲಿ ಒಂದು ಮಗುವನ್ನು ಒಂದೇ ಒಂದು ನಿಮಿಷ ನೋಡುವುದು, ಬರೆದುಕೊಳ್ಳುವುದು, ಮುಂದಿನ ಮಗುವಿಗೆ ಹೋಗುವುದು. ತಿಂಗಳುಗಟ್ಟಲೆ ಹೀಗೆ ನೋಡಿ 1932ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವರು ಮಕ್ಕಳ ಬೆರೆಯುವಿಕೆಯನ್ನು ಆರು ಬಗೆಯಾಗಿ ವಿಂಗಡಿಸಿದರು. ಯಾವುದರಲ್ಲೂ ತೊಡಗದೆ ಸುಮ್ಮನೆ ಅಲೆಯುವುದು, ಬೇರೆಯವರ ಆಟ ನೋಡುತ್ತಾ ನಿಲ್ಲುವುದು, ಒಂಟಿ ಆಟ, ಪಕ್ಕಪಕ್ಕದಲ್ಲಿ ಕೂತು ತಮ್ಮ ತಮ್ಮದನ್ನೇ ಆಡುವ ಸಮಾನಾಂತರ ಆಟ, ಸಾಮಾನು-ಮಾತು ಹಂಚಿಕೊಂಡರೂ ಗೊತ್ತುಗುರಿಯಿಲ್ಲದ ಜೊತೆಯಾಟ, ಕೊನೆಗೆ ‘ನೀನು ಅಮ್ಮ, ನಾನು ಅಕ್ಕ’ ಎಂದು ಪಾತ್ರ ಹಂಚಿಕೊಂಡು ಆಡುವ ಸಹಕಾರದ ಆಟ. ಎರಡು-ಎರಡೂವರೆ ವರ್ಷದವರಲ್ಲಿ ಮೊದಲಿನವು ಹೆಚ್ಚು, ನಾಲ್ಕು ದಾಟಿದವರಲ್ಲಿ ಕೊನೆಯವು ಹೆಚ್ಚು ಎಂಬುದು ಅವರಿಗೆ ಕಂಡದ್ದು.

ಈ ಪಟ್ಟಿ ಎಷ್ಟು ಚೆನ್ನಾಗಿತ್ತೆಂದರೆ ಎಲ್ಲರೂ ಇದನ್ನು ಮೆಟ್ಟಿಲು ಮಾಡಿಕೊಂಡರು. ಶಿಕ್ಷಕರ ತರಬೇತಿಯಲ್ಲಿ ಇಂದಿಗೂ ಹಾಗೇ ಕಲಿಸುತ್ತಾರೆ. ನಿಮ್ಮ ಮಗಳ ಪ್ರೋಗ್ರೆಸ್ ಕಾರ್ಡಿನ ಸಾಲು ಆ ಮೆಟ್ಟಿಲಿನಿಂದಲೇ ಉದುರಿದ್ದು. ಮೂರುಮುಕ್ಕಾಲು ವರ್ಷ ಆಗಿದೆ, ಇಂತಿಷ್ಟನೇ ಮೆಟ್ಟಿಲಲ್ಲಿ ಇರಬೇಕಿತ್ತು, ಇಲ್ಲ, ಕಾರ್ಡಿನಲ್ಲಿ ಬರೆದುಬಿಡು. ನಾನೂ ಗೃಹವಿಜ್ಞಾನ ಕಾಲೇಜಿನಲ್ಲಿ ಪಾಠ ಶುರು ಮಾಡಿದ ಹೊಸದರಲ್ಲಿ ಹೀಗೇ ಕಲಿಸಿದ್ದೇನೆ, ಆ ಪಾಪ ನನ್ನ ತಲೆಯ ಮೇಲೂ ಇದೆ.

ಮುಂದಿನವರು ಮಕ್ಕಳನ್ನು ನೋಡನೋಡುತ್ತಾ ಮೆಟ್ಟಿಲು ಅಲುಗಾಡಿತು. ಎಷ್ಟೋ ಮಕ್ಕಳು ಸಮಾನಾಂತರ ಆಟದಲ್ಲಿ ತಂಗದೆಯೇ ಒಂಟಿ ಆಟದಿಂದ ನೇರ ಗುಂಪಿಗೆ ಹೋದರು. ಒಬ್ಬರೇ ಕೂತು ಗೋಪುರ ಕಟ್ಟುವ, ಚಿತ್ರ ಬಿಡಿಸುವ ಮಕ್ಕಳು ಹಿಂದುಳಿದವರೇನೂ ಆಗಿರಲಿಲ್ಲ. ಎಲ್ಲಕ್ಕಿಂತ ನಿಮಗೆ ಬೇಕಾದದ್ದು ಬೇಕ್‌ಮನ್ ಮತ್ತು ಬ್ರೌನ್ಲಿ ಎಂಬಿಬ್ಬರು ಸಂಶೋಧಕರು 1980ರಲ್ಲಿ ತೋರಿಸಿದ್ದು. ಸುಮಾರು ಮೂರು ವರ್ಷದ ಮಕ್ಕಳ ಆಟವನ್ನು ವಿಡಿಯೋ ಮಾಡಿ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬಿಡಿಸಿ ನೋಡಿದರೆ, ಸಮಾನಾಂತರ ಆಟದ ಬೆನ್ನಿಗೇ ಗುಂಪಿನ ಆಟ ಬರುತ್ತಿತ್ತು. ಪಕ್ಕದಲ್ಲಿ ಕೂತು ಅದನ್ನೇ ಮಾಡುವುದು ವಯಸ್ಸಿನ ಹಂತವಾಗಿರುವುದಕ್ಕಿಂತ ಹೆಚ್ಚಾಗಿ ಒಳಗೆ ಹೋಗುವ ಉಪಾಯ. ತಿಂಗಳುಗಳ ಲೆಕ್ಕದಲ್ಲಿ ನೋಡುವವರಿಗೆ ಅದು ಹಂತವಾಗಿ ಕಾಣುತ್ತದೆ, ನಿಮಿಷದ ಲೆಕ್ಕದಲ್ಲಿ ನೋಡಿದರೆ ಹೊಸಿಲು.

ನಮ್ಮ ಕಾಲೇಜಿನ ಪ್ರಯೋಗ ನರ್ಸರಿಯಲ್ಲಿ ಒಂದು ಗಾಜಿನ ಗೋಡೆ ಇತ್ತು. ಆಚೆಯಿಂದ ಮಕ್ಕಳಿಗೆ ಕನ್ನಡಿ, ಈಚೆಯಿಂದ ನಮಗೆ ಕಿಟಕಿ. ವಿದ್ಯಾರ್ಥಿನಿಯರು ನೋಟ್‌ಬುಕ್ ಹಿಡಿದು ಅದರ ಹಿಂದೆ ಕೂರುತ್ತಿದ್ದರು. ಒಳಗೆ ಬಸ್ಸಿನ ಆಟ ನಡೆದಿತ್ತು: ಕುರ್ಚಿಗಳ ಸಾಲು, ಮುಂದೆ ತಟ್ಟೆ ತಿರುಗಿಸುವ ಡ್ರೈವರ್, ಹಿಂದೆ ಗಲಾಟೆ ಮಾಡುವ ಪ್ರಯಾಣಿಕರು. ಒಬ್ಬ ಹುಡುಗ ಎರಡು ದಿನ ಗೋಡೆಗೆ ಒರಗಿ ನಿಂತಿದ್ದ. ನನ್ನ ವಿದ್ಯಾರ್ಥಿನಿ ಎರಡೂ ದಿನ ‘ಏನೂ ಮಾಡುತ್ತಿಲ್ಲ’ ಎಂದು ಬರೆದಳು, ನಾನು ಸಹಿ ಹಾಕಿದೆ. ಮೂರನೇ ದಿನ ಅವನು ಮೂಲೆಯಲ್ಲಿದ್ದ ಹಳೇ ಪೇಪರ್ ಹರಿದು ಚೂರು ಮಾಡಿಕೊಂಡು ‘ಟಿಕೇಟ್, ಟಿಕೇಟ್’ ಎನ್ನುತ್ತಾ ಕುರ್ಚಿಗಳ ನಡುವೆ ನುಗ್ಗಿದ. ಎಲ್ಲರೂ ಕೈಚಾಚಿದರು. ಆ ಬಸ್ಸಿಗೆ ಡ್ರೈವರ್ ಇದ್ದ, ಪ್ರಯಾಣಿಕರಿದ್ದರು, ಕಂಡಕ್ಟರ್ ಇರಲಿಲ್ಲ. ಅದು ಕಂಡದ್ದು ಎರಡು ದಿನ ‘ಏನೂ ಮಾಡದೆ’ ನಿಂತವನಿಗೆ ಮಾತ್ರ. ಆಮೇಲಿಂದ ‘ಏನೂ ಮಾಡುತ್ತಿಲ್ಲ’ ಎಂಬ ಮಾತಿಗೆ ನಾನು ಸಹಿ ಹಾಕಿಲ್ಲ. ಕಣ್ಣು ಎಲ್ಲಿತ್ತು, ಕೈ ಏನು ಮಾಡುತ್ತಿತ್ತು ಎಂದು ಬರೆದು ತನ್ನಿ ಎನ್ನುತ್ತಿದ್ದೆ.

ಹಾಗೆಂದು ಒಂಟಿಯಾಗಿರುವ ಮಕ್ಕಳೆಲ್ಲ ಕಂಡಕ್ಟರ್ ಆಗುತ್ತಾರೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಒಂಟಿತನದಲ್ಲಿ ಜಾತಿಗಳಿವೆ. ಮಕ್ಕಳ ಮನೋವಿಜ್ಞಾನಿ ಕೆನೆತ್ ರೂಬಿನ್ ಮತ್ತು ಅವರ ಸಂಗಡಿಗರು ಇದನ್ನು ಬಿಡಿಸಿ ನೋಡಿದ್ದಾರೆ. ತನ್ನ ಪಾಡಿಗೆ ಒಗಟಿನ ಚಿತ್ರ ಜೋಡಿಸುತ್ತಾ, ಕಟ್ಟುತ್ತಾ ಇರುವ ಮಗು ಒಂದು ಬಗೆ. ಅದಕ್ಕೆ ಸಾಮಾನುಗಳ ಮೇಲೆ ಪ್ರೀತಿ, ಕರೆದರೆ ಜನರ ಜೊತೆಗೂ ಸರಿ. ಎರಡನೆಯದು ಆಸೆ ಇದ್ದೂ ಅಳುಕುವ ಮಗು. ನೋಡುತ್ತಾ ಸುತ್ತುತ್ತದೆ, ಹತ್ತಿರ ಹೋಗುತ್ತದೆ, ಯಾರಾದರೂ ತಿರುಗಿ ನೋಡಿದರೆ ಹಿಂದೆ ಸರಿಯುತ್ತದೆ, ಉಡುಪಿನ ಅಂಚು ಕಚ್ಚುತ್ತದೆ. ಮೂರನೆಯದು ಮಕ್ಕಳ ನಡುವೆಯೇ ಇದ್ದು, ಯಾರ ಹಂಗೂ ಇಲ್ಲದೆ ಡಬ್ಬಿ ಬಡಿಯುತ್ತಾ, ಒಬ್ಬನೇ ಜೋರಾಗಿ ನಾಟಕವಾಡುತ್ತಾ ಇರುವ ಮಗು. ಇದನ್ನು ಉಳಿದವರು ಹೊರಗಿಟ್ಟಿರುವ ಸಾಧ್ಯತೆ ಹೆಚ್ಚು. ನೋಡುವವರ ಕಣ್ಣಿಗೆ ಮೂವರೂ ‘ಒಬ್ಬರೇ ಆಡುತ್ತಾರೆ’. ಬೇಕಾದ ನೆರವು ಮಾತ್ರ ಬೇರೆಬೇರೆ. ನಿಮ್ಮ ಮಗಳು ಮೊದಲ ಮತ್ತು ಎರಡನೆಯ ಬಗೆಯ ನಡುವೆ ಎಲ್ಲೋ ಇದ್ದಾಳೆ ಎಂದು ಪತ್ರದಿಂದ ಅನ್ನಿಸುತ್ತದೆ. ಖಚಿತ ಮಾಡಿಕೊಳ್ಳಬೇಕಾದವರು ನೀವು, ಅದಕ್ಕೆ ದಾರಿ ಹೇಳುತ್ತೇನೆ.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ವಿಡಿಯೋ ಬೇಡ, ಮೊಬೈಲ್ ಎತ್ತಿದ ಕೂಡಲೇ ಈ ಕಾಲದ ಮಕ್ಕಳು ಪೋಸ್ ಕೊಡುತ್ತಾರೆ. ಪಾರ್ಕಿನಲ್ಲಿ ಅವಳಿಗೆ ಕಾಣುವಂತೆಯೇ ಕೂತು, ಆದರೆ ಅವಳ ಮೇಲೆ ಕಣ್ಣು ನೆಟ್ಟು ಕೂರದೆ, ಒಂದು ನಿಮಿಷ ನೋಡಿ, ಮುಂದಿನ ನಿಮಿಷ ಬರೆಯಿರಿ. ಒಂದು ಸಂಜೆಗೆ ಐದು ಸಲ ಸಾಕು. ಎರಡು ವಾರದಲ್ಲಿ ಆರೇಳು ಸಂಜೆ. ಗುಣವಾಚಕ ಒಂದೂ ಬೇಡ: ನಾಚಿದಳು, ಸಪ್ಪಗಿದ್ದಳು, ಪಾಪ, ಇವು ಯಾವುವೂ ಬೇಡ. ಹೀಗೆ ಬರೆಯಿರಿ: ‘5:40. ಬೆಂಚಿನ ಪಕ್ಕ ನಿಂತಳು. ಗುಂಪಿಗೆ ಐದು ಹೆಜ್ಜೆ. ನೋಟ ಒಲೆ ಹಚ್ಚುವ ಹುಡುಗಿಯ ಕೈ ಮೇಲೆ. 5:44. ಮೂರು ಹೆಜ್ಜೆ. ಕಲ್ಲು ತಂದು ಇಟ್ಟಳು. ಒಬ್ಬಳು ತಿರುಗಿ ನೋಡಿದಳು, ಇವಳೂ ನೋಡಿದಳು. ಮಾತಿಲ್ಲ. 5:49. ಜಾರುಬಂಡೆಗೆ ಹೋಗಿ ಎರಡು ಸಲ ಜಾರಿ ಮತ್ತೆ ಅದೇ ಜಾಗಕ್ಕೆ ಬಂದಳು.’

ಹೆಜ್ಜೆಯ ಲೆಕ್ಕವನ್ನು ಬಿಡಬೇಡಿ. ಐದು ಮೂರಾಗುವುದು, ಮೂರು ಎರಡಾಗುವುದು, ಹೋದ ಮಗು ಮತ್ತೆ ಅದೇ ಜಾಗಕ್ಕೆ ಬರುವುದು, ಇದರಲ್ಲೇ ಎಲ್ಲ ಇದೆ. ಎರಡು ವಾರದ ಉದ್ದಕ್ಕೂ ದೂರ ಅಷ್ಟೇ ಇದ್ದು, ನೋಟವೂ ಎಲ್ಲೂ ನಿಲ್ಲದೆ ತೇಲುತ್ತಿದ್ದರೆ ಅದು ಬೇರೆ ಕಥೆ. ಇನ್ನೊಂದು ವಿಷಯ: ಮರಳು, ನೀರು, ಮಣ್ಣು ಸಿಕ್ಕಾಗ ಒಮ್ಮೆ, ಓಡುವ ಹಿಡಿಯುವ ಜೂಟಾಟದಲ್ಲಿ ಒಮ್ಮೆ, ಅಡುಗೆ ಆಟದಲ್ಲಿ ಒಮ್ಮೆ ನೋಡಿ. ಜೂಟಾಟಕ್ಕೆ ಪಾತ್ರವೂ ಬೇಡ ಭಾಷೆಯೂ ಬೇಡ, ಓಡಿದರೆ ಆಯಿತು. ಮರಳಿನಲ್ಲಿ ಎಲ್ಲರೂ ಕೆಳಗೆ ನೋಡಿಕೊಂಡೇ ಪಕ್ಕಪಕ್ಕ ಇರಬಹುದು. ಅಡುಗೆ ಆಟ, ಟೀಚರ್ ಆಟ, ಡಾಕ್ಟರ್ ಆಟಗಳದ್ದು ಬೇರೆಯೇ ತೂಕ. ಅಲ್ಲಿ ಇಲ್ಲದ ಒಲೆಯನ್ನು ಎಲ್ಲರೂ ಒಂದೇ ಜಾಗದಲ್ಲಿ ಕಾಣಬೇಕು, ‘ಈಗ ರಾತ್ರಿ ಆಯ್ತು ಅಂತೆ’ ಎಂದು ಒಬ್ಬಳು ಅಂದರೆ ಉಳಿದವರು ಮಲಗಬೇಕು. ಈ ‘ಅಂತೆ’ ಒಂದು ಒಪ್ಪಂದ. ಅದನ್ನು ಮಾತಿನಲ್ಲೇ ಕಟ್ಟಬೇಕು.

ನಿಮ್ಮ ಮಗಳ ಬಿಕ್ಕಟ್ಟು ಇರುವುದೂ ಅಲ್ಲೇ ಇರಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಪಾರ್ಕುಗಳಲ್ಲಿ ಕಿವಿಗೊಟ್ಟು ಕೇಳಿ. ಕನ್ನಡ ಮನೆಮಾತಿನ ಮಕ್ಕಳು ಕೂಡ ಪಾತ್ರದೊಳಗೆ ಹೋದಾಗ ಎಷ್ಟೋ ಸಲ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತಾರೆ, ಕಾರ್ಟೂನಿನ ಅಮ್ಮಂದಿರು ಮಾತಾಡುವುದು ಆ ಭಾಷೆಯಲ್ಲಿ. ‘ಯವ್ವಾ, ರೊಟ್ಟಿ ಬಡೀಲೇನು?’ ಎಂದು ಹಾವೇರಿಯ ಕನ್ನಡದಲ್ಲಿ ಅಡುಗೆ ಮಾಡುವ ಮಗುವಿಗೆ ಆ ಅಡುಗೆಮನೆ ಪರದೇಶ. ಕೆಲಸ ಗೊತ್ತು, ಮಾತು ಗೊತ್ತಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ತಿಂಗಳು ಬಾಯಿ ಮುಚ್ಚಿಕೊಂಡು ಕಿವಿ ತೆರೆದುಕೊಂಡಿರುವುದು ಸಾಮಾನ್ಯ. ಇದನ್ನು ನಿಮ್ಮ ಅತ್ತೆಯವರಿಗೆ ಹೇಳಿ. ಊರು ಬಿಟ್ಟು ಬಂದ ಹೊಸದರಲ್ಲಿ ಅವರೇ ಪಕ್ಕದ ಫ್ಲ್ಯಾಟಿನವರ ಜೊತೆ ಎಷ್ಟು ಮಾತಾಡಿದ್ದರು ಎಂದು ಕೇಳಿದರೆ ಜಗಳವಾದೀತು, ಅದು ಬೇಡ.

ಈಗ ನೀವು ಹೇಳಿಕೊಟ್ಟ ಮಾತಿನ ಬಗ್ಗೆ. ‘ನನ್ನೂ ಸೇರಿಸ್ಕೋರಿ’ ಎಂದು ಕೇಳಲು ಕಳಿಸುತ್ತೀರಲ್ಲ, ಅದನ್ನು ಇಂದೇ ನಿಲ್ಲಿಸಿ. ನಮಗೆ ಅದು ಸಭ್ಯತೆ. ಮಕ್ಕಳಿಗೆ ಅದು ಹೌದು-ಇಲ್ಲ ಪ್ರಶ್ನೆ, ಆಟದ ನಡುವೆ ಇರುವವರ ಬಾಯಿಗೆ ಮೊದಲು ಬರುವುದು ‘ಇಲ್ಲ’. ಅವರು ಕೆಟ್ಟವರು ಅಂತಲ್ಲ. ವಿಲಿಯಂ ಕೊರ್ಸಾರೊ ಎಂಬ ಸಮಾಜಶಾಸ್ತ್ರಜ್ಞರು 1970ರ ದಶಕದಲ್ಲಿ ಅಮೆರಿಕದ ನರ್ಸರಿಯೊಂದರಲ್ಲಿ ತಿಂಗಳುಗಟ್ಟಲೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಕಂಡುಕೊಂಡದ್ದು ಇದನ್ನೇ. ಆಟ ಕಟ್ಟಿಕೊಂಡಿರುವ ಮಕ್ಕಳಿಗೆ ಅದು ಎಷ್ಟು ನಾಜೂಕು ಎಂದು ಗೊತ್ತು, ಯಾರೋ ನುಗ್ಗಿದರೆ ಒಡೆದುಹೋಗುತ್ತದೆ, ಅದಕ್ಕೇ ಕಾಯುತ್ತಾರೆ. ಸೇರಲು ಮಾಡುವ ಮೊದಲ ಯತ್ನ ತಳ್ಳಿಹೋಗುವುದು ಅಲ್ಲಿ ನಿತ್ಯದ ಮಾತಾಗಿತ್ತು. ಬಿಡದೆ ಸುತ್ತುವರಿದು, ಮಾತಿಲ್ಲದೆ ಹತ್ತಿರ ಬಂದು, ಅವರದೇ ಕೆಲಸವನ್ನು ಅನುಕರಿಸಿದ ಮಕ್ಕಳು ಆಮೇಲೆ ಒಳಗಿದ್ದರು. ಸ್ವಲ್ಪ ದೊಡ್ಡ, ಎರಡನೇ ಮೂರನೇ ಕ್ಲಾಸಿನ ಮಕ್ಕಳನ್ನು ನೋಡಿದ ಪುಟಲ್ಲಾಜ್ ಮತ್ತು ಗಾಟ್‌ಮನ್ 1981ರಲ್ಲಿ ಬರೆದದ್ದೂ ಇದರ ಜೊತೆ ಕೂಡುತ್ತದೆ. ಎಲ್ಲರಿಗೂ ಬೇಕಾದ ಮಕ್ಕಳು ನಡೆಯುತ್ತಿರುವ ಆಟಕ್ಕೆ ಹೊಂದುವ ಮಾತನ್ನೇ ಆಡುತ್ತಾ ಸೇರಿಕೊಳ್ಳುತ್ತಿದ್ದರು. ಬೇಡವಾದವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದರು, ಪ್ರಶ್ನೆ ಕೇಳಿ ಆಟ ನಿಲ್ಲಿಸುತ್ತಿದ್ದರು.

ಅಂದರೆ ನಿಮ್ಮ ಮಗಳು ತಾನಾಗಿ ಹಿಡಿದಿದ್ದ ದಾರಿ ಸರಿಯಾಗಿತ್ತು, ನೀವು ಅವಳನ್ನು ಅದರಿಂದ ಎಬ್ಬಿಸಿ ತಪ್ಪು ಬಾಗಿಲಿಗೆ ಕಳಿಸುತ್ತಿದ್ದಿರಿ. ಬೇಸರ ಮಾಡಿಕೊಳ್ಳಬೇಡಿ, ತಾಯಂದಿರೆಲ್ಲ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಈಗ ಹೀಗೆ ಮಾಡಿ. ಅವಳ ಚಿಪ್ಪು ತುಂಬಿದಾಗ ಪಕ್ಕದಲ್ಲಿ ಕೂತು ‘ಏನು ಪಲ್ಯ ಇದು? ಅವರ ಮನೀಗೆ ಪಲ್ಯ ಐತೋ ಇಲ್ಲೋ?’ ಎಂದು ಕೇಳಿ. ಅಷ್ಟೇ. ಅವಳು ಎದ್ದು ಹೋಗಿ ಚಿಪ್ಪನ್ನು ಅವರ ಒಲೆಯ ಪಕ್ಕ ಇಟ್ಟು ಬಂದರೆ ಆ ದಿನಕ್ಕೆ ಬೇಕಾದಷ್ಟಾಯಿತು. ಪಲ್ಯ ಕೊಟ್ಟವಳನ್ನು ಹೊರಗೆ ಹಾಕುವುದು ಕಷ್ಟ. ಸೇರಿಕೊಳ್ಳಲು ಅಪ್ಪಣೆ ಕೇಳುವವಳಿಗಿಂತ ತರಕಾರಿ ಮಾರಲು ಬಂದವಳಿಗೆ, ಹಾಲು ಹಾಕಲು ಬಂದವಳಿಗೆ, ಗ್ಯಾಸ್ ಸಿಲಿಂಡರ್ ತಂದವಳಿಗೆ ಬಾಗಿಲು ಬೇಗ ತೆರೆಯುತ್ತದೆ. ಇದರ ಜೊತೆಗೆ, ಆ ಗುಂಪಿನಿಂದ ಮೆತ್ತಗಿನ ಒಬ್ಬ ಹುಡುಗಿಯನ್ನು, ಸಾಧ್ಯವಾದರೆ ಸ್ವಲ್ಪ ಚಿಕ್ಕವಳನ್ನು, ಶನಿವಾರ ಮನೆಗೆ ಕರೆಯಿರಿ. ಒಬ್ಬಳ ಜೊತೆ ಆಡಿದ ಪರಿಚಯ ಐದು ಜನರ ಗುಂಪಿನಲ್ಲಿ ಕೆಲಸಕ್ಕೆ ಬರುತ್ತದೆ.

ನಮ್ಮ ಓಣಿಗಳಲ್ಲಿ ಇದಕ್ಕೆ ಹಳೆಯದೊಂದು ಏರ್ಪಾಡಿತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಲಗೋರಿಗೆ ಅಕ್ಕನ ಬಾಲ ಹಿಡಿದು ಬಂದ ನಾಲ್ಕು ವರ್ಷದ ತಮ್ಮ ಓಡಬಹುದು, ಕಿರಿಚಬಹುದು, ಚೆಂಡು ಹೆಕ್ಕಿ ತರಬಹುದು, ಆದರೆ ಅವನಿಗೆ ಚೆಂಡು ಬಿದ್ದರೆ ಔಟಿಲ್ಲ, ಅವನು ಜೋಡಿಸಿದ ಬಿಲ್ಲೆ ಎಣಿಕೆಗಿಲ್ಲ. ಇಂದು ನಾವು ಈ ಮಾತನ್ನು ಯಾರನ್ನೋ ಹೀಗಳೆಯಲು ಬಳಸುತ್ತೇವೆ. ಆಟದ ಮೈದಾನದಲ್ಲಿ ಅದು ಹೀಗಳಿಕೆ ಆಗಿರಲಿಲ್ಲ, ಪುಟ್ಟವರಿಗೆ ಸೋಲಿನ ಭಯವಿಲ್ಲದೆ ನಿಯಮ ಕಲಿಯಲು ಕೊಟ್ಟ ಜಾಗವಾಗಿತ್ತು. ಸ್ವಿಸ್ ಮನೋವಿಜ್ಞಾನಿ ಪಿಯಾಜೆ ಮಕ್ಕಳ ಜೊತೆ ಗೋಲಿ ಆಡಿ ನೋಡಿ 1932ರಲ್ಲಿ ಬರೆದಂತೆ, ಚಿಕ್ಕ ಮಕ್ಕಳು ಒಟ್ಟಿಗೆ ಆಡುತ್ತಿದ್ದೇವೆಂದು ನಂಬಿಯೇ ತಮ್ಮ ತಮ್ಮ ನಿಯಮಕ್ಕೆ ಆಡುತ್ತಾರೆ, ಇಬ್ಬರೂ ಗೆದ್ದೆವೆನ್ನುತ್ತಾರೆ. ಒಂದೇ ನಿಯಮಕ್ಕೆ ಎಲ್ಲರೂ ಕಟ್ಟುಬೀಳುವುದು ಏಳೆಂಟು ವರ್ಷದ ಸುಮಾರಿಗೆ. ಅದು ನಮ್ಮ ಓಣಿಯ ಅಕ್ಕಂದಿರಿಗೆ ಓದದೆಯೇ ಗೊತ್ತಿತ್ತು. ಈಗಿನ ಪಾರ್ಕುಗಳಲ್ಲಿ ಕ್ಲಾಸಿನ ಪ್ರಕಾರ ಗುಂಪಾಗುವುದರಿಂದ ಲೆಕ್ಕಕ್ಕಿಲ್ಲದೆ ಆಡುವ ಅವಕಾಶ ಕಡಿಮೆಯಾಗಿದೆ. ಹಾಗಂತ ಹಳೇ ಓಣಿ ಸ್ವರ್ಗವೇನಲ್ಲ. ಯಾವ ಕೇರಿಯ ಮಕ್ಕಳು ಲೆಕ್ಕಕ್ಕೂ ಇಲ್ಲ ಆಟಕ್ಕೂ ಇಲ್ಲ ಎಂಬುದನ್ನು ದೊಡ್ಡವರು ಮೊದಲೇ ತೀರ್ಮಾನಿಸಿರುತ್ತಿದ್ದರು.

ಡಾಕ್ಟರ ವಿಷಯ. ಮನೆಯಲ್ಲಿ ಧಾರಾಳ ಮಾತು, ಗೊಂಬೆಗಳಿಗೆ ಪಾಠ, ಬೇರೆ ಮಕ್ಕಳ ಮೇಲೆ ನೆಟ್ಟ ಕಣ್ಣು, ಅವರ ಅನುಕರಣೆ: ಇಷ್ಟು ಇರುವ ಮಗುವನ್ನು ಈ ಒಂದು ಕಾರ್ಡಿಗಾಗಿ ನಾನು ಕರೆದೊಯ್ಯುತ್ತಿರಲಿಲ್ಲ. ಆದರೆ ಕರೆದರೆ ತಿರುಗದಿರುವುದು, ಕಂಡದ್ದನ್ನು ಬೆರಳು ಮಾಡಿ ನಿಮಗೆ ತೋರಿಸದಿರುವುದು, ‘ಅಂತೆ’ಯ ಆಟವೇ ಇಲ್ಲದಿರುವುದು, ಬಂದ ಮಾತು ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇನ್ನೊಂದನ್ನು ಟೀಚರ್ ಬಳಿ ಕೇಳಿ: ನರ್ಸರಿಯಲ್ಲಿ ಅವಳು ಒಂದಾದರೂ ಮಾತು ಆಡುತ್ತಾಳೆಯೇ, ನೀರು ಬೇಕೆಂದು, ಬಾತ್‌ರೂಮಿಗೆ ಹೋಗಬೇಕೆಂದು ಹೇಳುತ್ತಾಳೆಯೇ? ಎಂಟು ತಿಂಗಳಾದರೂ ಅಲ್ಲಿ ಸಂಪೂರ್ಣ ಮೌನವಾಗಿದ್ದರೆ ಅದನ್ನು ಭಾಷೆಯ ತೊಡಕು ಎಂದಷ್ಟೇ ಬಿಡಬಾರದು, ಮಕ್ಕಳ ಮನೋತಜ್ಞರನ್ನು ಕಾಣಬೇಕು. ಕಾರ್ಡಿನಲ್ಲಿರುವ ‘ಬೆರೆಯುವುದಿಲ್ಲ’ ಎಂಬ ಸಾಲಿಗಿಂತ ಈ ಪ್ರಶ್ನೆಗೆ ಬರುವ ಉತ್ತರ ನನಗೆ ಮುಖ್ಯ. ಹೋಗುವಾಗ ನಿಮ್ಮ ನೋಟ್‌ಬುಕ್ಕನ್ನೂ ಒಯ್ಯಿರಿ. ಒಳ್ಳೆಯ ಟೀಚರ್ ಆದರೆ ಓದಿ ತಾವೂ ಒಂದು ವಾರ ಹಾಗೇ ಬರೆಯುತ್ತಾರೆ.

ಇನ್ನು ನಾಯಿ. ಅಡುಗೆ ಆಟದಲ್ಲಿ ಪಾತ್ರಗಳಿಗೆ ಅಂತಸ್ತಿದೆ. ಮೊದಲು ಅಮ್ಮ, ಆಮೇಲೆ ದೊಡ್ಡಕ್ಕ, ಪಾಪು, ಕೊನೆಗೆ ನಾಯಿ-ಬೆಕ್ಕು. ಅಮ್ಮನಾಗಲು ನೂಕುನುಗ್ಗಲು, ಹೊಸದಾಗಿ ಬಂದವರಿಗೆ ನಾಯಿ. ನಿಮಗೆ ಕಣ್ಣೀರು ತರಿಸಿದ್ದು ಈ ಅಂತಸ್ತು. ಮಗುವಿನ ಕಡೆಯಿಂದ ಒಮ್ಮೆ ನೋಡಿ. ನಾಯಿಗೆ ಹಿಂದಿ ಬರಬೇಕಿಲ್ಲ, ಇಂಗ್ಲಿಷ್ ಬರಬೇಕಿಲ್ಲ. ಬೊಗಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ನಾಯಿ ಮನೆಯೊಳಗೆ ಎಲ್ಲಿ ಬೇಕಾದರೂ ತಿರುಗಬಹುದು, ಬೆಂಚಿನ ಕೆಳಗೆ ಕೂತು ಇಡೀ ಸಂಸಾರದ ಮಾತು ಕೇಳಿಸಿಕೊಳ್ಳಬಹುದು, ತಪ್ಪು ಮಾಡಿದರೆ ಯಾರೂ ‘ಹಂಗಲ್ಲ’ ಎನ್ನುವುದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಲ್ಲಿ ಅವಳಿಗೆ ಮೊದಲ ದಿನ ಬೇಕಾಗಿದ್ದದ್ದು ಅದೇ, ಹತ್ತು ನಿಮಿಷ ನಿಂತಳಲ್ಲ!

ಇದು ಎಂದಿನವರೆಗೆ ಸರಿ ಎಂದು ಕೇಳುತ್ತೀರಿ. ಮುಂದಿನ ಸಲ ಅವಳು ನಾಯಿಯಾದಾಗ ನೋಟ್‌ಬುಕ್ಕಿನಲ್ಲಿ ನಾಲ್ಕು ವಿಷಯ ಬರೆಯಿರಿ. ಅನ್ನ ಹಾಕುವಾಗ ನಾಯಿಗೂ ತಟ್ಟೆ ಬಂತೇ? ನಾಯಿ ಓಡಿಹೋದರೆ ಯಾರಾದರೂ ಹುಡುಕಿಕೊಂಡು ಬಂದರೇ? ಅವಳು ತಾನಾಗಿ ಏನಾದರೂ ಹೊಸದು ಮಾಡಿದಳೇ, ಕಳ್ಳನನ್ನು ಅಟ್ಟುವುದೋ, ಚಪ್ಪಲಿ ಕದಿಯುವುದೋ? ಆಟ ಮುಗಿದ ಮೇಲೆ ಮನೆಗೆ ಬರುವ ದಾರಿಯಲ್ಲಿ ಅದನ್ನು ಆಡಿ ತೋರಿಸಿದಳೇ? ಹೌದಾದರೆ ಬಿಡಿ, ಇನ್ನೂ ಒಂದು ತಿಂಗಳು ಬೊಗಳಲಿ. ದಿನವೂ ನಾಯಿ, ದಿನವೂ ಬೆಂಚಿನ ಕೆಳಗೆ, ಯಾರೂ ಕರೆಯುವುದಿಲ್ಲ, ಮನೆಗೆ ಬಂದು ‘ನಂಗ ನಾಯಿ ಬ್ಯಾಡ’ ಎನ್ನುತ್ತಾಳೆ ಎಂದಾದರೆ ಮರುದಿನ ನೀವೇ ಆ ಮನೆಯ ಬಾಗಿಲು ತಟ್ಟಿ, ‘ಪಕ್ಕದ ಮನೆಯವರು ಬಂದೀವಿ, ನಮ್ಮ ಹುಡುಗಿ ರೊಟ್ಟಿ ತಂದಾಳ’ ಎಂದು ಕೂತುಕೊಳ್ಳಿ. ಅಜ್ಜಿಯ ಪಾತ್ರ ಸಾಮಾನ್ಯವಾಗಿ ಖಾಲಿ ಇರುತ್ತದೆ, ಅತ್ತೆಯವರನ್ನು ಕರೆದುಕೊಂಡು ಹೋದರೂ ಆದೀತು.